ಕುಣಿಗಲ್ ಕಡೆಗೆ ಎಂಟು ತಿಂಗಳು

ನಾನು ತುಮಕೂರಿನಲ್ಲಿ ಸ್ಪೀಕರ್ ರಿಪೇರಿ ಮಾಡುವವನು. ಯಾವ ಮದುವೆ ಮನೆಯಲ್ಲಿ, ಯಾವ ಗಣೇಶನ ಪೆಂಡಾಲಿನಲ್ಲಿ, ಯಾವ ಮಸೀದಿಯ ಮೇಲೆ ಸ್ಪೀಕರ್ ಗೊರಗೊರ ಎಂದರೂ ಅದು ಕೊನೆಗೆ ನನ್ನ ಮೇಜಿನ ಮೇಲೆ ಬಂದು ಮಲಗಬೇಕು. ಹರಿದ ಕಾಗದದ ಕೋನು ಕಿತ್ತು, ಸುಟ್ಟ ತಂತಿಯ ಸುರುಳಿ ತೆಗೆದು, ಹೊಸದು ಕೂರಿಸಿ ಕಳಿಸುತ್ತೇನೆ. ರಿಪೇರಿಗೆ ಬಗ್ಗದ್ದನ್ನು ಗಿರಾಕಿಗಳು ನನ್ನ ಹತ್ತಿರವೇ ಬಿಟ್ಟು ಹೋಗುತ್ತಾರೆ. ಅಂಥ ಸತ್ತ ಸ್ಪೀಕರಿನಲ್ಲಿ ಸಾಯದೆ ಉಳಿಯುವುದು ಒಂದೇ, ಹಿಂಬದಿಯ ಅಯಸ್ಕಾಂತ. ಕಪ್ಪಗೆ, ಉದ್ದಿನ ವಡೆಯ ಆಕಾರ, ನಡುವೆ ತೂತು. ಇಪ್ಪತ್ತೈದು ವರ್ಷದಿಂದ ಅವನ್ನು ಕಿತ್ತು ಕಿತ್ತು ಗುಡ್ಡೆ ಹಾಕಿದ್ದೆ. ಯಾಕೆ ಎಂದು ಕೇಳಿದವರಿಗೆ ಸರಿಯಾದ ಕಾರಣ ಹೇಳಿದ ನೆನಪಿಲ್ಲ.

ಅಯಸ್ಕಾಂತದ ಜೊತೆ ಬದುಕುವವರ ಮನೆ ಬೇರೆಯವರ ಮನೆಯ ಹಾಗಿರುವುದಿಲ್ಲ. ನಮ್ಮ ಮನೆಯ ಕತ್ತರಿ ಎತ್ತಿದರೆ ನಾಲ್ಕು ಗುಂಡುಪಿನ್ನು, ಒಂದು ಸೂಜಿ ಜೊತೆಗೇ ಬರುತ್ತವೆ. ಹೆಂಡತಿಯ ಹೇರ್‌ಪಿನ್ನುಗಳು ಒಂದನ್ನೊಂದು ಹಿಡಿದುಕೊಂಡು ಮೆರವಣಿಗೆ ಹೊರಡುತ್ತವೆ. ಮುಳ್ಳಿನ ಕೈಗಡಿಯಾರಗಳು ನನ್ನ ಮೇಜಿನ ಮೇಲೆ ಮೂರು ನಿಂತುಹೋದವು. ಮೂರೂ ಮಾವನ ಮನೆಯ ಉಡುಗೊರೆ. ಜೇಬಿನಲ್ಲಿ ಅಯಸ್ಕಾಂತ ಮರೆತು, ಅದೇ ಜೇಬಿನಲ್ಲಿ ಬ್ಯಾಂಕಿನ ಕಾರ್ಡು ಇಟ್ಟು, ಎಟಿಎಂ ಮುಂದೆ ನಿಂತು ಯಂತ್ರಕ್ಕೆ ಬಾಯಿಗೆ ಬಂದಂತೆ ಬೈದವನೂ ನಾನೇ. ಪಕ್ಕದ ಮನೆಯವರು ಒಮ್ಮೆ ರಾಗಿ ಬೀಸಲು ಕಳಿಸುವ ಮುಂಚೆ ನನ್ನಿಂದ ಒಂದು ಅಯಸ್ಕಾಂತ ಪಡೆದು ರಾಗಿಯಲ್ಲಿ ಆಡಿಸಿದರು. ಎರಡು ಮೊಳೆ, ಒಂದು ಹೊಲಿಗೆ ಸೂಜಿ, ಮೇಲೆ ಗಡ್ಡ ಬಿಟ್ಟ ಹಾಗೆ ಕಪ್ಪು ಮಣ್ಣಿನ ಪುಡಿ. ಅದನ್ನು ನೋಡಿದ ಮೇಲೆ ಒಂದು ವಾರ ಆ ಮನೆಯಲ್ಲಿ ಯಾರೂ ಮುದ್ದೆ ಮುಟ್ಟಲಿಲ್ಲ. ಇಪ್ಪತ್ತು ವರ್ಷ ಅದನ್ನೇ ತಿಂದು ಗಟ್ಟಿಮುಟ್ಟಾಗಿದ್ದೀರಲ್ಲ ಎಂದರೆ ನನ್ನ ಮೇಲೇ ಸಿಟ್ಟಾದರು.

ನಮ್ಮ ಮನೆಯ ದೊಡ್ಡ ಜಗಳವೂ ಅಯಸ್ಕಾಂತದಿಂದಲೇ ಹುಟ್ಟಿದ್ದು. ನನ್ನ ಹೆಂಡತಿ ಕುಣಿಗಲ್ಲಿನವಳು. ಮದುವೆಯಾದ ಮೂರನೇ ದಿನ, ಅವಳ ಜೊತೆ ಬಂದ ಸ್ಟೀಲ್ ಪಾತ್ರೆಗಳನ್ನೆಲ್ಲ ಅಮ್ಮ ನಡುಮನೆಯಲ್ಲಿ ಸಾಲಾಗಿ ಬೋರಲು ಹಾಕಿ, ನನ್ನ ಅಂಗಡಿಯ ಅಯಸ್ಕಾಂತ ತಂದು ಒಂದೊಂದಕ್ಕೂ ಇಟ್ಟು ನೋಡಿದಳು. ನಮ್ಮ ಕಡೆ ಪಾತ್ರೆ ಕೊಳ್ಳುವವರ ವಾಡಿಕೆ ಇದು: ಒಳ್ಳೆಯ ಸ್ಟೀಲಿಗೆ ಅಯಸ್ಕಾಂತ ಕಚ್ಚುವುದಿಲ್ಲ, ಅಗ್ಗದ್ದಕ್ಕೆ ಕಚ್ಚುತ್ತದೆ. ತಪ್ಪಲೆ, ಕೊಳಗ, ತಟ್ಟೆ ಎಲ್ಲ ಪಾಸಾದವು. ಹಾಲಿನ ಪಾತ್ರೆಯ ಅಂಚಿಗೆ ಮಾತ್ರ ಮೆಲ್ಲಗೆ ಕಚ್ಚಿಕೊಂಡಿತು.

"ನೋಡ್ದ್ಯಾ, ಕುಣಿಗಲ್ನೋರು ಕಬ್ಬುಣ ಕೊಟ್ಟವ್ರೆ" ಎಂದಳು ಅಮ್ಮ, ಮದುವೆಗೆ ಬಂದ ನೆಂಟರು ಇನ್ನೂ ಮನೆಯಲ್ಲೇ ಇದ್ದಾಗ.

ಒಳ್ಳೆಯ ಸ್ಟೀಲೂ ಒತ್ತಿ ಮಡಚಿದ ಅಂಚಿನಲ್ಲಿ ಒಂದಿಷ್ಟು ಕಚ್ಚುತ್ತದೆ, ಅದು ಪಾತ್ರೆಯ ತಪ್ಪಲ್ಲ, ಮಡಚಿದ್ದರ ಫಲ ಎಂದು ನಾನು ಹೇಳಿದೆ. ಹೊಸದಾಗಿ ಮದುವೆಯಾದ ಗಂಡು ಹೆಂಡತಿಯ ತವರಿನ ಪಾತ್ರೆಯ ಪರವಾಗಿ ವಿಜ್ಞಾನ ಹೇಳಿದರೆ ಯಾರು ಕೇಳುತ್ತಾರೆ. ಅಂದಿನಿಂದ ಅಮ್ಮ ಕುಣಿಗಲ್ಲಿಗೆ ಕಾಲಿಟ್ಟಿಲ್ಲ. ಬಸ್ಸು ಕುಣಿಗಲ್ ಮೇಲೆ ಹೋಗುತ್ತದೆ ಎಂದು ತಿಳಿದರೆ ಕೊಂಡ ಟಿಕೆಟ್ಟು ಬಿಟ್ಟು ಇಳಿದುಬಿಡುತ್ತಾಳೆ.

ಅಮ್ಮ ಗುಬ್ಬಿಯವಳು. ನಮಾಜಿಗೆ ಅರಬ್ಬಿ, ಮನೆಯ ಮಾತಿಗೆ ಉರ್ದು. ಆದರೆ ಸಿಟ್ಟು ಬಂದರೂ ಪ್ರೀತಿ ಬಂದರೂ ಅವಳ ನಾಲಿಗೆ ಗುಬ್ಬಿಯ ಕನ್ನಡಕ್ಕೆ ಹೋಗುತ್ತದೆ. ಕೆಲವು ವರ್ಷಗಳ ಹಿಂದೆ ಅವಳ ಕಣ್ಣಿನ ನರ ಒಣಗುತ್ತಾ ಬಂತು. ಬೆಳಕು ಕತ್ತಲೆ ತಿಳಿಯುತ್ತಿತ್ತು, ಮುಖ ತಿಳಿಯುತ್ತಿರಲಿಲ್ಲ. ಹಳೆಯ ಬಾಡಿಗೆ ಮನೆಯಲ್ಲಿ ಅದು ತೊಂದರೆಯಾಗಲಿಲ್ಲ. ನಲವತ್ತು ವರ್ಷ ನಿಂತ ಜಾಗದಲ್ಲೇ ನಿಂತು ಐದು ಹೊತ್ತಿನ ನಮಾಜು ಮಾಡುತ್ತಿದ್ದಳು. ಬಾಗಿಲ ಚೌಕಟ್ಟು ಮುಟ್ಟಿ ಎರಡು ಹೆಜ್ಜೆ ಇಟ್ಟರೆ ಮುಖ ಕಾಬಾದ ಕಡೆಗೆ ಇರುತ್ತಿತ್ತು.

ಆಮೇಲೆ ನಾವು ಗುಬ್ಬಿ ರಸ್ತೆಯ ಕಡೆ ಹೊಸ ಬಡಾವಣೆಯಲ್ಲಿ ಸ್ವಂತ ಮನೆ ಕಟ್ಟಿಸಿದೆವು. ಅಮ್ಮನ ಕೋಣೆಗೆ ಏನು ಬೇಕು ಎಂದು ಕೇಳಿದೆ.

"ಬಣ್ಣ ಬ್ಯಾಡ, ಬೀರು ಬ್ಯಾಡ. ನಿಂತ್ಕಳಾಕೆ ನೆಲದಾಗೆ ಒಂದು ಗುರ್ತು ಮಾಡ್ಕೊಡು. ಕಣ್ಗಲ್ಲ, ಕಾಲ್ಗೆ ಗೊತ್ತಾಗ್ಬೇಕು" ಎಂದಳು.

ಮನೆ ಕಟ್ಟಿದ ಮೇಸ್ತ್ರಿಯೂ ಗುಬ್ಬಿಯವನೇ. ಅಮ್ಮ ಅವನನ್ನು 'ನಮ್ಮೂರೋನು' ಎಂದೇ ಕರೆಯುತ್ತಿದ್ದಳು. ಅವನು ಉಪಾಯ ಹೇಳಿದ: ಎರಡು ಬೆರಳು ಅಗಲದ ಕಡಪ ಕಲ್ಲಿನ ಪಟ್ಟಿಯನ್ನು ಟೈಲ್ಸಿನ ನಡುವೆ ಕೂರಿಸುವುದು, ಹುರುಳಿ ಕಾಳಿನಷ್ಟು ಎತ್ತರಕ್ಕೆ. ಎರಡೂ ಕಾಲಿನ ಹೆಬ್ಬೆರಳು ಪಟ್ಟಿಗೆ ತಾಗುವ ಹಾಗೆ ನಿಂತರೆ ಮುಖ ತಾನಾಗಿ ಕಾಬಾದ ಕಡೆಗೆ. ಅಮ್ಮನಿಗೆ ಇದು ಎಷ್ಟು ಹಿಡಿಸಿತೆಂದರೆ ಮೇಸ್ತ್ರಿಯ ತಲೆಯ ಮೇಲೆ ಕೈಯಿಟ್ಟು ಹರಸಿದಳು.

ಇಲ್ಲಿಂದ ಮುಂದಿನದಕ್ಕೆ ನಾನೇ ಹೊಣೆ. ತುಮಕೂರಿನಿಂದ ಕಾಬಾ ಯಾವ ಕಡೆ ಎಂಬುದು ಮಕ್ಕಳಿಗೂ ಗೊತ್ತು: ಪಡುವಣಕ್ಕೆ ಮುಖ ಮಾಡಿ ಸ್ವಲ್ಪ ಬಲಕ್ಕೆ ಹೊರಳಿದರೆ ಆಯಿತು. ಇಮಾಮರನ್ನು ಕರೆಸಬಹುದಿತ್ತು, ಬಿಸಿಲು ನೋಡಬಹುದಿತ್ತು. ಆದರೆ ಅಯಸ್ಕಾಂತದ ಕಸುಬಿನವನು ನಾನಿರುವಾಗ ಬೇರೆಯವರು ದಿಕ್ಕು ಹೇಳುವುದೇ? ದಿಕ್ಸೂಚಿ ಎಂದರೇನು, ಒಂದು ಚಿಕ್ಕ ಅಯಸ್ಕಾಂತ. ಅದು ನನ್ನ ಜಾತಿಯ ವಸ್ತು ಎಂಬ ಜಂಬ ನನಗೆ.

ಅದೇ ವಾರ ಅಂಗಡಿಯಲ್ಲಿ ಜಾಗ ಸಾಲದೆ ನನ್ನ ಅಯಸ್ಕಾಂತಗಳನ್ನೆಲ್ಲ ಹೊಸ ಮನೆಗೆ ಸಾಗಿಸಿದ್ದೆ. ಅಮ್ಮನ ಕೋಣೆಯ ಗೋಡೆಯ ಆಚೆ ಸಾಮಾನಿನ ಕೋಣೆ. ಅಲ್ಲಿ ಸುಮ್ಮನೆ ಸುರಿಯಲು ಮನಸ್ಸು ಬರಲಿಲ್ಲ. ತೂತುಗಳಿಗೆ ಒಂದು ಪಿವಿಸಿ ಪೈಪು ತೂರಿಸಿ, ಬಳೆಗಾರರ ಮಲಾರದ ಹಾಗೆ ಒಂದರ ಹಿಂದೆ ಒಂದು ಪೋಣಿಸಿ, ಆಳುದ್ದದ ಕಂಬ ಮಾಡಿ ನೆಲದ ಮೇಲೆ ಮಲಗಿಸಿದೆ. ಅದರ ತುದಿ ಗೋಡೆಗೆ ಒತ್ತಿಕೊಂಡಿತ್ತು. ಎಷ್ಟು ನೀಟಾಗಿದೆ ನೋಡು ಎಂದು ಹೆಂಡತಿಯನ್ನು ಕರೆದು ತೋರಿಸಿದೆ. ಇಪ್ಪತ್ತೈದು ವರ್ಷದ ಸ್ಪೀಕರುಗಳ ಬಲವೆಲ್ಲ ಒಂದೇ ಕಂಬವಾಗಿ, ಒಂದು ಇಟ್ಟಿಗೆಯ ಗೋಡೆಯಾಚೆ ಅಮ್ಮನ ಕೋಣೆಯನ್ನು ಗುರಿಯಿಟ್ಟು ಮಲಗಿತು.

ಮಾರನೆಯ ದಿನ ನಾನೂ ಮೇಸ್ತ್ರಿಯೂ ಅಮ್ಮನ ಕೋಣೆಯಲ್ಲಿ ಅದೇ ಗೋಡೆಯ ಪಕ್ಕ ಕುಕ್ಕರಗಾಲಿನಲ್ಲಿ ಕೂತೆವು. ನಾಲ್ಕು ದಿನದಿಂದ ಮೋಡ, ಸೂರ್ಯನ ಸುಳಿವಿಲ್ಲ. ನಾನು ದಿಕ್ಸೂಚಿಯನ್ನು ನೆಲದ ಮೇಲಿಟ್ಟೆ. ಸೂಜಿಯ ಕೆಂಪು ತುದಿ ಒಂದಿಷ್ಟೂ ತಡಬಡಾಯಿಸದೆ ಸರಕ್ಕನೆ ತಿರುಗಿ ಸಾಮಾನಿನ ಕೋಣೆಯ ಗೋಡೆಯನ್ನು ತೋರಿಸಿ ನಿಂತಿತು. ಅಷ್ಟು ಖಂಡಿತವಾಗಿ ನಿಂತ ಸೂಜಿಯನ್ನು ನಾನು ಹಿಂದೆಂದೂ ನೋಡಿರಲಿಲ್ಲ. ಒಳ್ಳೆಯ ದಿಕ್ಸೂಚಿ ಎಂದುಕೊಂಡೆ.

"ಅದು ಉತ್ತರ" ಎಂದೆ.

ಮೇಸ್ತ್ರಿ ತಲೆ ಕೆರೆದುಕೊಂಡ. "ಸಾಬ್ರೇ, ಹಾಲ್ ಕಿಟಕೀಲಿ ಸಾಯಂಕಾಲದ ಬಿಸ್ಲು ಬೀಳೋದು ಇದೇ ಕಡೆಯಿಂದ ಅಲ್ವಾ? ಸೂರ್ಯ ಉತ್ತರದಾಗೆ ಮುಳುಗ್ತಾನಾ?"

"ಬಿಸಿಲು ಅಲ್ಲಿ ಇಲ್ಲಿ ಬಡಿದು ಎಲ್ಲಿಂದ ಬೇಕಾದ್ರೂ ಬರ್ತದೆ ಮೇಸ್ತ್ರಿ. ಸೂಜಿಗೆ ಬಿಸಿಲು ಗೊತ್ತಿಲ್ಲ, ಮೋಡ ಗೊತ್ತಿಲ್ಲ. ಅದು ಸುಳ್ಳು ಹೇಳಲ್ಲ."

ಅವನು ಜೇಬಿನಿಂದ ತನ್ನದೇ ದಿಕ್ಸೂಚಿ ತೆಗೆದ. ವಾಸ್ತು ಕೇಳುವ ಗಿರಾಕಿಗಳಿಗಾಗಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟುಕೊಂಡದ್ದು. ಅದೂ ಅದೇ ಗೋಡೆಯನ್ನು ತೋರಿಸಿತು. ನಾನು ಮೊಬೈಲಿನಲ್ಲಿ ಕಿಬ್ಲಾ, ಅಂದರೆ ಕಾಬಾದ ದಿಕ್ಕು, ತೋರಿಸುವ ಆ್ಯಪ್ ತೆರೆದೆ. ಅದರ ಬಾಣವೂ ಎರಡು ಸೂಜಿಗಳ ಮಾತಿಗೆ ಹೂಂ ಎಂದಿತು. ಮೂರು ಸಾಕ್ಷಿ. ಮೂರಕ್ಕೂ ಗೋಡೆಯ ಆಚೆಯಿಂದ ಒಂದೇ ಕಂಬ ಪಾಠ ಹೇಳಿಕೊಡುತ್ತಿದೆ ಎಂದು ನನಗೆ ಹೊಳೆಯಲಿಲ್ಲ. ಈಗ ಬರೆಯುವಾಗ ಕೆನ್ನೆಗೆ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಮೇಸ್ತ್ರಿಯ ಮುಖ ಸಣ್ಣದಾಯಿತು. "ಹಿಂದೂ ಆಗ್ಲಿ ಸಾಬ್ರಾಗ್ಲಿ, ಒಲೆ ಆಗ್ನೇಯದಲ್ಲೇ ಇಡೋದು ನಾನು. ಈ ಲೆಕ್ಕದಾಗೆ ಅಡ್ಗೆಮನೆ ನೈಋತ್ಯಕ್ಕೆ ಹೋಗ್ಬುಡ್ತಲ್ಲ ಸಾಬ್ರೇ" ಎಂದ. ತಾನು ಇಡೀ ಮನೆಯನ್ನೇ ಅಡ್ಡ ತಿರುಗಿಸಿ ಕಟ್ಟಿಬಿಟ್ಟೆನೆಂದು ನಂಬಿ, ಈ ವಿಷಯ ಗುಬ್ಬಿಯಲ್ಲಿ ಯಾರಿಗೂ ಹೇಳಬಾರದು ಎಂದು ಕೈಮುಗಿದ. ನಾನು ದೊಡ್ಡ ಮನಸ್ಸು ಮಾಡಿ ಕ್ಷಮಿಸಿದೆ. ಸೂಜಿಯ ಉತ್ತರದಿಂದ ಎಡಕ್ಕೆ, ಪಡುವಣಕ್ಕೆ ಸ್ವಲ್ಪ ಮುಂಚೆ ನಿಲ್ಲುವಷ್ಟು ಅಳೆದು, ಪಟ್ಟಿ ಕೂರಿಸಿದೆವು.

ಅಮ್ಮ ಮೊದಲ ದಿನ ಪಟ್ಟಿಗೆ ತಾಗಿ ನಿಂತಾಗ ಅವಳ ಮುಖ ನೋಡಬೇಕಿತ್ತು. ಹೆಬ್ಬೆರಳಿನಿಂದ ಕಲ್ಲನ್ನು ಮುಟ್ಟಿ, ಬಿಟ್ಟು, ಮತ್ತೆ ಮುಟ್ಟಿದಳು. ಯಾರ ಕೈಯನ್ನೂ ಹಿಡಿಯದೆ ನಿಲ್ಲುವುದು ಅವಳಿಗೆ ಎಷ್ಟು ಬೇಕಾಗಿತ್ತೆಂದು ಆಗ ತಿಳಿಯಿತು. ನಾನು ಹೆಮ್ಮೆಯಿಂದ ಬೀಗಿದೆ.

ಒಂದು ವಾರವಾದ ಮೇಲೆ ಹೆಂಡತಿ ಅಡುಗೆಮನೆಗೆ ಕರೆದು ಮೆಲ್ಲಗೆ ಹೇಳಿದಳು, "ರೀ, ಅತ್ತೆ ನಿಂತ್ಕೊಳ್ಳೋದು ನಮ್ಮೂರ ಕಡೆಗೆ ಅನ್ಸುತ್ತೆ."

"ನಿನಗೆ ಎಲ್ಲ ನಿಮ್ಮೂರ ಕಡೆಗೇ ಕಾಣ್ಸೋದು" ಎಂದೆ.

"ಸರಿ ಬಿಡಿ" ಎಂದಳು. ಅವಳು ತನ್ನ ಚಾಪೆಯನ್ನು ಹಾಲಿನಲ್ಲಿ ಬೇರೆ ದಿಕ್ಕಿಗೆ ಹಾಸಿಕೊಂಡಳು. ಅತ್ತೆಗೆ ಹೇಳುವ ಮಾತೇ ಇರಲಿಲ್ಲ. ಕುಣಿಗಲ್ಲಿನ ಸೊಸೆ ಬಂದು, ನೀವು ಕುಣಿಗಲ್ಲಿಗೆ ತಲೆಬಾಗುತ್ತಿದ್ದೀರಿ ಎಂದರೆ ಆ ಮನೆ ಉಳಿಯುತ್ತಿತ್ತೇ? ಹೀಗೆ ಒಂದೇ ಸೂರಿನ ಕೆಳಗೆ ಅತ್ತೆ ಒಂದು ಕಡೆಗೆ, ಸೊಸೆ ಇನ್ನೊಂದು ಕಡೆಗೆ ನಿಂತು ಒಬ್ಬನೇ ದೇವರನ್ನು ಕರೆಯುತ್ತಿದ್ದರು. ನಾನು ಅಂಗಡಿಯ ಹತ್ತಿರದ ಮಸೀದಿಯಲ್ಲಿ ನಮಾಜು ಮುಗಿಸಿ ಬರುವವನು. ಹೊರಗೆ ಪಡುವಣ ಯಾವುದೆಂದು ಎಲ್ಲರ ಹಾಗೆ ನನಗೂ ಗೊತ್ತಿತ್ತು. ಅಮ್ಮನ ಕೋಣೆಯೊಳಗೆ ಮಾತ್ರ ಬೇರೊಂದು ಪಡುವಣ. ಎಂಟು ತಿಂಗಳು ಎರಡನ್ನೂ ತಲೆಯಲ್ಲಿಟ್ಟುಕೊಂಡು, ಒಂದಕ್ಕೊಂದು ಭೇಟಿಯಾಗದ ಹಾಗೆ ನೋಡಿಕೊಂಡೆ. ಹೆಂಡತಿಯ ಚಾಪೆ ನೋಡಿದಾಗಲೆಲ್ಲ, ಪಾಪ, ಇವಳು ತಪ್ಪು ಕಡೆಗೆ ಮಾಡುತ್ತಾಳೆ ಎಂದು ಮರುಕವೂ ಆಗುತ್ತಿತ್ತು.

ಈ ಎಂಟು ತಿಂಗಳಲ್ಲಿ ಅಮ್ಮ ಬರೀ ದಿನದ ಐದು ನಮಾಜು ಮಾಡುತ್ತಿರಲಿಲ್ಲ. ಪ್ರತಿ ಹೊತ್ತಿಗೂ ಹೆಚ್ಚಿಗೆ ಒಂದು, ಮೈ ಹಗುರವಿದ್ದ ದಿನ ಎರಡು ಮಾಡುತ್ತಿದ್ದಳು. ಮಂಡಿ ನೋವಿಗೆ ಎಣ್ಣೆ ಹಚ್ಚಿಸಿಕೊಂಡು ಮತ್ತೆ ನಿಲ್ಲುತ್ತಿದ್ದಳು. ಯಾಕೆ ಇಷ್ಟು ಎಂದು ಕೇಳಿದರೆ "ಹಳೇದು" ಎನ್ನುತ್ತಿದ್ದಳು. ತಪ್ಪಿಹೋದ ನಮಾಜನ್ನು ಆಮೇಲೆ ತೀರಿಸುವುದು ನಮ್ಮಲ್ಲಿದೆ. ಅಮ್ಮ ತಪ್ಪಿಸಿದ್ದು ಯಾವಾಗ ಎಂದು ನನಗೆ ಅರ್ಥವಾಗುತ್ತಿರಲಿಲ್ಲ.

ಅದು ತಿಳಿದದ್ದು ಒಂದು ಶುಕ್ರವಾರ. ಅಮ್ಮ ಸೊಸೆಯ ಪಕ್ಕ ಕೂತು ಶಾವಿಗೆ ಪಾಯಸ ಮಾಡಿಸಿ ಬೀದಿಗೆಲ್ಲ ಹಂಚಿಸಿದಳು. ಆಮೇಲೆ ನನ್ನನ್ನು ಹತ್ತಿರ ಕೂರಿಸಿಕೊಂಡಳು.

"ಇವತ್ಗೆ ಆ ವರ್ಷ ಮುಗೀತು ಕಣೋ" ಎಂದಳು.

ನಾನು ವರ್ಷ ತುಂಬದ ಕೂಸಾಗಿದ್ದಾಗ ನನಗೆ ಎದೆಯ ಕಾಯಿಲೆಯಂತೆ. ಒಂದು ವರ್ಷ ನನ್ನನ್ನು ಹೆಗಲ ಮೇಲೆ ಹಾಕಿಕೊಂಡು ಆಸ್ಪತ್ರೆಯ ಬೆಂಚಿನ ಮೇಲೆ ಇದ್ದಳಂತೆ. ಮೈಮೇಲಿನ ಬಟ್ಟೆ ಯಾವಾಗಲೂ ನನ್ನ ವಾಂತಿ, ನನ್ನ ಉಚ್ಚೆ. ಮೈಲಿಗೆ ಬಟ್ಟೆಯಲ್ಲಿ ನಮಾಜು ಆಗುವುದಿಲ್ಲ, ಬದಲಾಯಿಸಲು ಇನ್ನೊಂದು ಬಟ್ಟೆ ಇರಲಿಲ್ಲ. ಆ ವರ್ಷದ ನಮಾಜೆಲ್ಲ ಹಾಗೇ ಉಳಿದಿತ್ತು. ಮಕ್ಕಳು, ಮನೆ, ಮೊಮ್ಮಕ್ಕಳು ಎಂದು ಮುಂದೂಡುತ್ತಾ ಬಂದವಳು, ಕಣ್ಣು ಹೋದ ಮೇಲೆ ಇನ್ನು ತಡ ಮಾಡಬಾರದು ಎಂದು ಹಟ ಹಿಡಿದು ಮುಗಿಸಿದ್ದಳು. ಆ ರಾತ್ರಿ ಅವಳು ನಿದ್ದೆ ಮಾಡಿದ ಹಾಗೆ ನಾನು ಎಂದೂ ನೋಡಿರಲಿಲ್ಲ.

ಅದಾದ ಹತ್ತು ದಿನಕ್ಕೆ ಗುಬ್ಬಿಯ ಹಿಟ್ಟಿನ ಗಿರಣಿಯವರೊಬ್ಬರು ನನ್ನ ಅಯಸ್ಕಾಂತಗಳ ಸುದ್ದಿ ಕೇಳಿ ಬಂದರು. ರಾಗಿ ಸುರಿಯುವ ಬಾಯಿಗೆ ಕೂರಿಸಿ ಮೊಳೆ ಹಿಡಿಸುವುದಕ್ಕೆ ಅಷ್ಟೂ ಬೇಕೆಂದರು. ಲಗೇಜ್ ಆಟೋ ತಂದಿದ್ದರು. ಕಂಬವನ್ನು ಎತ್ತಿ ಆಟೋದ ಕಬ್ಬಿಣದ ತಳಕ್ಕೆ ಇಟ್ಟಿದ್ದೇ ತಡ, ಅದು ಢಮ್ ಎಂದು ಕಚ್ಚಿಕೊಂಡಿತು. ಗುಬ್ಬಿಯಲ್ಲಿ ನಾಲ್ಕು ಜನ ಹಾರೆ ಹಾಕಿ ಮೀಟಿದರೂ ಪೂರ್ತಿ ಬಿಡಲಿಲ್ಲವಂತೆ. ಎರಡು ಅಯಸ್ಕಾಂತ ಇಂದಿಗೂ ಆ ಆಟೋದಲ್ಲೇ ಊರೂರು ತಿರುಗುತ್ತಿವೆ, ದಾರಿಯ ಮೊಳೆಯನ್ನೆಲ್ಲ ಕೂಡಿಸಿಕೊಂಡು.

ಅಂದು ಮಧ್ಯಾಹ್ನ ಅಮ್ಮನ ಕೋಣೆಯಲ್ಲಿ ಕೂತಿದ್ದೆ. ನಮಾಜಿನ ಹೊತ್ತಾಯಿತಾ ನೋಡು ಎಂದಳು. ಮೊಬೈಲಿನಲ್ಲಿ ಅದೇ ಆ್ಯಪ್ ತೆರೆದೆ. ಹೊತ್ತು ತೋರಿಸುವ ಜೊತೆಗೆ ಕಿಬ್ಲಾದ ಬಾಣವೂ ಬಂತು. ಅದು ಪಟ್ಟಿಯ ಕಡೆಗೆ ಬೆನ್ನು ತೋರಿಸದಿದ್ದರೂ ಭುಜ ತೋರಿಸುತ್ತಿತ್ತು.

ಮೊಬೈಲ್ ಕೆಟ್ಟಿದೆ ಎಂದುಕೊಂಡೆ. ಆಫ್ ಮಾಡಿ ಆನ್ ಮಾಡಿದೆ. ಗಾಳಿಯಲ್ಲಿ ಎಂಟರ ಆಕಾರದಲ್ಲಿ ಬೀಸಿ ಸರಿಮಾಡಿ ಎಂದು ಅದು ಹೇಳಿತು. ಬೀಸಿದೆ. ಐದು ನಿಮಿಷ, ಹತ್ತು ನಿಮಿಷ, ಎರಡೂ ಕೈಯಲ್ಲಿ ಬೀಸಿದೆ.

"ಏನ್ಲಾ ಅದು ಸುಂಯ್ ಸುಂಯ್ ಅಂತ, ಸೊಳ್ಳೆ ಹೊಡೀತಿದೀಯಾ?" ಎಂದಳು ಅಮ್ಮ.

"ಹೂಂ" ಎಂದೆ.

ದಿಕ್ಸೂಚಿ ತಂದು ಪಟ್ಟಿಯ ಪಕ್ಕ ಇಟ್ಟೆ. ಅಂದು ಸರಕ್ಕನೆ ನಿಂತಿದ್ದ ಸೂಜಿ ಈಗ ಸಾಮಾನ್ಯ ಸೂಜಿಯ ಹಾಗೆ ತೂಗಾಡಿ ತೂಗಾಡಿ, ಬೇರೆಯೇ ಗೋಡೆಯನ್ನು ತೋರಿಸಿತು. ಆಗಲೂ ನನ್ನ ತಪ್ಪು ನನಗೆ ಹೊಳೆಯಲಿಲ್ಲ. ಭೂಮಿಯ ಉತ್ತರ ದಕ್ಷಿಣ ಅದಲುಬದಲಾಗುತ್ತವೆ ಎಂದು ಎಲ್ಲೋ ಒಂದು ವೀಡಿಯೊ ನೋಡಿದ್ದೆ. ಅದೇ ಆಗಿರಬೇಕು, ಇವತ್ತೇ ಆಗಿರಬೇಕು ಎಂದುಕೊಂಡೆ. ನಾನು ತಪ್ಪಿರುವುದಕ್ಕಿಂತ ಭೂಮಿ ತಪ್ಪಿರುವುದು ನನಗೆ ಸುಲಭವಾಗಿ ಕಂಡಿತು. ಟಿವಿ ಹಾಕಿ ಸುದ್ದಿ ನೋಡಿದೆ. ಯಾರೂ ಏನೂ ಹೇಳುತ್ತಿರಲಿಲ್ಲ.

ಸಂಜೆ ತಾರಸಿ ಹತ್ತಿದೆ. ಮೋಡವಿಲ್ಲ. ನಾನು ಮೇಸ್ತ್ರಿಗೆ ಉತ್ತರ ಎಂದು ಹೇಳಿಕೊಟ್ಟಿದ್ದ ಕಡೆಯಲ್ಲಿ, ಯಾವ ಸಂಕೋಚವೂ ಇಲ್ಲದೆ, ಕೆಂಪಗೆ ಸೂರ್ಯ ಮುಳುಗುತ್ತಿದ್ದ. ಆಗ ಗೋಡೆ, ಕಂಬ, ಲಗೇಜ್ ಆಟೋ ಎಲ್ಲ ಒಟ್ಟಿಗೆ ತಲೆಗೆ ಬಂತು. ಮೊಬೈಲಿನ ನಕ್ಷೆಯಲ್ಲಿ ಅಮ್ಮನ ಪಟ್ಟಿಯಿಂದ ನೇರಕ್ಕೆ ಬೆರಳು ಎಳೆದೆ. ಗೂಳೂರಿನ ಕೆರೆಯ ಹತ್ತಿರ ಹಾದು, ತೆಂಗಿನ ತೋಟಗಳನ್ನು ದಾಟಿ, ಬೆರಳು ಕುಣಿಗಲ್ಲಿಗೆ ಹೋಗಿ ನಿಂತಿತು.

ನನಗೆ ಮೊದಲು ನಗು ಬಂತು. ಆಮೇಲೆ ಆ ವರ್ಷ ನೆನಪಾಯಿತು. ನೀರಿನ ತೊಟ್ಟಿಗೆ ಒರಗಿ ಕೂತೆ. ನನ್ನಿಂದ ತಪ್ಪಿದ ನಮಾಜು, ನನ್ನಿಂದಲೇ ಎರಡನೇ ಸಲವೂ ತಪ್ಪಿತ್ತು. ಹೇಳಿದರೆ ಅವಳ ನೆಮ್ಮದಿ ಹೋಗುತ್ತದೆ. ಹೇಳದಿದ್ದರೆ ಕಣ್ಣಿಲ್ಲದವಳನ್ನು ಸಾಯುವವರೆಗೂ ತಪ್ಪು ಕಡೆಗೆ ನಿಲ್ಲಿಸಿದ ಹಾಗೆ. ಆ ರಾತ್ರಿಯ ನಮಾಜಿಗೆ, ಕಾಲು ಜಾರುತ್ತದೆ ಹಾಲಿನಲ್ಲೇ ಮಾಡು ಎಂದು ಸುಳ್ಳು ಹೇಳಿ, ಹೆಂಡತಿಯ ಚಾಪೆಯ ಮೇಲೆ ನಿಲ್ಲಿಸಿದೆ. ಹೆಂಡತಿ ನನ್ನನ್ನೊಮ್ಮೆ ನೋಡಿದಳು.

ಬೆಳಿಗ್ಗೆ ಮಸೀದಿಯ ಇಮಾಮರಾದ ಹಜ್ರತರ ಹತ್ತಿರ ಹೋದೆ. ಅಲ್ಲಿನ ಆಂಪ್ಲಿಫೈಯರ್ ನಾನೇ ರಿಪೇರಿ ಮಾಡುವುದರಿಂದ ಸಲಿಗೆ ಇತ್ತು. ಎಲ್ಲ ಹೇಳಿದೆ. ಕುಣಿಗಲ್ ಎಂಬ ಮಾತು ಬಂದಾಗ ಹಜ್ರತರು ಗಡ್ಡವನ್ನು ಮುಷ್ಟಿಯಲ್ಲಿ ಹಿಡಿದು ಬಹಳ ಹೊತ್ತು ಕಿಟಕಿಯ ಹೊರಗೆ ನೋಡಿದರು. ಅವರ ಹೆಗಲು ಕುಲುಕುತ್ತಿತ್ತು.

"ನಮಾಜು ಆಯ್ತು" ಎಂದರು ಕೊನೆಗೆ. "ಕಣ್ಣು ಕಾಣದವರು ನಂಬೋ ಮನುಷ್ಯನ್ನ ಕೇಳಿ ನಿಂತ್ರೆ ಅವರ ಕೆಲಸ ಮುಗೀತು. ತಿರುಗಿ ಮಾಡ್ಬೇಕಾಗಿಲ್ಲ. ಹಳೇದೂ ಅಷ್ಟೇ."

"ಆ ನಂಬಿದ ಮನುಷ್ಯ ಏನು ಮಾಡ್ಬೇಕು?"

"ಅವನು ಇವತ್ತೇ ಮನೆಗೆ ಹೋಗಿ ಹೇಳ್ಬೇಕು. ಇನ್ಮೇಲೆ ದಿಕ್ಕು ಹೇಳಬಾರದು" ಎಂದರು.

ಅಮ್ಮ ಮಂಚದ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ನೆಲದ ಮೇಲೆ ಕೂತು ಅವಳ ಮಂಡಿ ಹಿಡಿದುಕೊಂಡು ಹೇಳಿದೆ. ಅವಳ ಬೆರಳು ನಿಂತಿತು.

"ಯಾವ ಕಡೀಕಿತ್ತು?"

"ದಕ್ಷಿಣಕ್ಕೆ."

"ದಕ್ಷಿಣ ಅಂದ್ರೆ?"

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಕುಣಿಗಲ್" ಎಂದೆ.

ಅಮ್ಮ ಬೆಳ್ಳುಳ್ಳಿ ತಟ್ಟೆಯನ್ನು ಪಕ್ಕಕ್ಕೆ ಇಟ್ಟಳು. ಕಾಣದ ಕಣ್ಣನ್ನು ಬಾಗಿಲ ಕಡೆಗೆ ತಿರುಗಿಸಿದಳು. "ನಿಂಗೊತ್ತಿತ್ತಾ?"

"ಮೊದಲ್ನೇ ವಾರವೇ ಇವ್ರಿಗೆ ಹೇಳ್ದೆ ಅತ್ತೆ. ನಿಮ್ಗೆ ಹೇಳೋಕೆ ಧೈರ್ಯ ಸಾಲ್ದೇ ಹೋಯ್ತು."

"ನಿಮ್ಮಮ್ಮಂಗೆ ಹೇಳಿದೀಯಾ?"

"ಇಲ್ಲ ಅತ್ತೆ."

"ಹೇಳ್ಬ್ಯಾಡ."

ಹಜ್ರತರು ಹೇಳಿದ್ದನ್ನು ಅಮ್ಮನಿಗೆ ಎರಡೆರಡು ಸಲ ಹೇಳಿದೆ. ತಲೆಯಾಡಿಸಿದಳು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮಾರನೆಯ ದಿನ ಮೇಸ್ತ್ರಿಯನ್ನು ಕರೆಸಿದೆ. ಅವನು ತನ್ನ ದಿಕ್ಸೂಚಿಯನ್ನು ಮನೆಯ ಮೂಲೆಮೂಲೆಯಲ್ಲಿ ಇಟ್ಟು ನೋಡಿದ. ಅಡುಗೆಮನೆ ಆಗ್ನೇಯಕ್ಕೆ ವಾಪಸು ಬಂದಿತ್ತು. "ಅಬ್ಬಾ, ಎಂಟು ತಿಂಗ್ಳಿಂದ ನಾನು ಒಂದು ಮನೆ ಪಾಯ ಹಾಕಿಲ್ಲ ಸಾಬ್ರೇ, ಧೈರ್ಯನೇ ಹೋಗಿತ್ತು" ಎಂದು ಒಲೆಯ ಪಕ್ಕ ನೆಲದ ಮೇಲೆ ಕೂತುಬಿಟ್ಟ. ಅವನ ಬದುಕನ್ನೂ ನಾನು ಅಡ್ಡ ತಿರುಗಿಸಿದ್ದೆ ಎಂದು ಆಗ ತಿಳಿಯಿತು. ಕ್ಷಮಿಸು ಎಂದೆ. ಅವನು ಹಳೆಯ ಪಟ್ಟಿಯನ್ನು ಕಟ್ಟರಿನಲ್ಲಿ ಉಜ್ಜಿ ನೆಲಸಮ ಮಾಡಿ, ಸಂಜೆಯ ಸೂರ್ಯನನ್ನು ನೋಡಿಕೊಂಡು ಹೊಸದು ಕೂರಿಸಿದ. ನಾನು ಕೋಣೆಯೊಳಗೆ ಹೋಗಲಿಲ್ಲ.

ಸಿಮೆಂಟು ಒಣಗಿದ ದಿನ ಅಮ್ಮ ಮಧ್ಯಾಹ್ನದ ನಮಾಜು ಮುಗಿಸಿದಳು. ಮುಗಿಸಿದವಳು ಕೂರಲಿಲ್ಲ. ಗೋಡೆ ಹಿಡಿದು ಮತ್ತೆ ಎದ್ದಳು.

"ಇನ್ನೂ ಯಾಕೆ ಅಮ್ಮ?" ಎಂದೆ ಬಾಗಿಲಿನಿಂದ.

"ಹಳೇದು" ಎಂದಳು.

"ಬೇಡ ಅಮ್ಮ, ಅದೂ ಆಯ್ತು ಅಂದವ್ರೆ ಹಜ್ರತ್ರು. ನಿನ್ನ ಮಂಡಿ ನೋಡು. ಒಂದು ವರ್ಷದ್ದು ಮತ್ತೆ ಹೆಂಗೆ ಮಾಡ್ತೀಯಾ?"

"ದಿನದ್ದು ಅಲ್ಲಾ ತಗೊಂಡಿರ್ತಾನೆ, ಅದ್ರ ಮಾತು ಬುಡು" ಎಂದಳು. "ಆ ವರ್ಷದ್ದು ಬ್ಯಾರೆ. ಡಾಕ್ಟ್ರು ನೀ ಉಳಿಯಲ್ಲ ಅಂದ್ಬುಟ್ಟಿದ್ರು. ದಿನಾ ಬೆಳಗ್ಗೆ ಮೂಗ್ ತಾವ ಬೆರಳು ಹಿಡ್ದು ನೋಡ್ತಿದ್ದೆ. ಉಸ್ರು ಇರೋದು. ಹಂಗೆ ಉಸ್ರಿದ್ದ ಒಂದೊಂದು ದಿನದ ನಮಾಜ್ ಕಣೋ ಅದು. ಅದನ್ನ ಕುಣಿಗಲ್ಗೆ ಕೊಡಾಕಾಗಲ್ಲ."

ಹಿಡಿದುಕೊಳ್ಳಲು ಕೈ ಚಾಚಿಕೊಂಡು ಒಳಗೆ ಹೋದೆ. ಅವಳು ನನ್ನ ಕೈಯನ್ನು ಮುಟ್ಟಿ ನೋಡಿ, ಯಾರದೆಂದು ತಿಳಿದು, ಮೆಲ್ಲಗೆ ಪಕ್ಕಕ್ಕೆ ಸರಿಸಿದಳು.

"ನೀ ಬ್ಯಾಡ. ಅವ್ಳನ್ನ ಕರಿ" ಎಂದಳು.

ಹೆಂಡತಿ ಕೈ ಒರೆಸಿಕೊಂಡು ಬಂದಳು. ಅತ್ತೆಯ ಎರಡೂ ಹೆಗಲು ಹಿಡಿದು, ಒಂದು ಬೆರಳಿನಷ್ಟು ಬಲಕ್ಕೆ ಹೊರಳಿಸಿ, "ಈಗ ಸರಿ ಅತ್ತೆ" ಎಂದಳು. ಅಮ್ಮ ಅವಳ ಕೆನ್ನೆ ಸವರಿ, ಕೈಗಳನ್ನು ಕಿವಿಯವರೆಗೆ ಎತ್ತಿದಳು. ನಾನು ಬಾಗಿಲಿಗೆ ಬಂದು ಅಳುತ್ತಾ ನಿಂತೆ. ಒಳಗೆ ಅಮ್ಮ, ನಾನು ಉಸಿರಾಡಿದ ಆ ವರ್ಷದ ಮೊದಲನೆಯ ದಿನವನ್ನು ಮತ್ತೆ ಶುರು ಮಾಡಿದಳು.